ಪ್ಲೇಟಿನಿಂದ ಧ್ವನಿಸುರುಳಿಗೆ: ‘ಲಹರಿ’ ನಡೆದ ಹಾದಿ

ಚಿತ್ರದುರ್ಗ ಸೀಮೆಯ ಹಳ್ಳಿಗಳಲ್ಲಿ ಗ್ರಾಮಾಫೋನ್ ಮುದ್ರಿಕೆಗೆ ‘ಪ್ಲೇಟು’ ಎಂದೇ ಹೆಸರಿತ್ತು. ಮದುವೆಯ ಚಪ್ಪರಕ್ಕೆ ಮೈಕ್‌ಸೆಟ್ಟಿನವನು ಬಂದನೆಂದರೆ ಹುಡುಗರೆಲ್ಲ ಅವನ ಪ್ಲೇಟಿನ ಪೆಟ್ಟಿಗೆಯನ್ನು ಮುತ್ತಿಕೊಳ್ಳುತ್ತಿದ್ದರು. 1972ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ತೆರೆಗೆ ಬಂದ ಮೇಲಂತೂ ಪಿ.ಬಿ. ಶ್ರೀನಿವಾಸ್ ಹಾಡಿದ ಓಬವ್ವನ ಹಾಡು ದುರ್ಗದವರಿಗೆ ಮನೆಯ ಹಾಡೇ ಆಯಿತು.

ಆ ಕಾಲದ ಪ್ಲೇಟುಗಳ ವ್ಯಾಪಾರವೆಲ್ಲ ಬಹುಪಾಲು ಒಂದೇ ಕಂಪನಿಯ ಕೈಯಲ್ಲಿತ್ತು. 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನರ ಧ್ವನಿಯನ್ನು ಮುದ್ರಿಸಿಕೊಂಡ ಗ್ರಾಮಾಫೋನ್ ಕಂಪನಿ ಅದು. (ಆ ಮಹಾಗಾಯಕಿ ಕೊನೆಯುಸಿರೆಳೆದದ್ದು 1930ರಲ್ಲಿ, ನಮ್ಮ ಮೈಸೂರಿನಲ್ಲಿ.) ಪ್ಲೇಟು ಅಚ್ಚೊತ್ತಲು ದೊಡ್ಡ ಕಾರ್ಖಾನೆ ಬೇಕು, ದೊಡ್ಡ ಬಂಡವಾಳ ಬೇಕು. ಯಾವ ಹಾಡು ಮುದ್ರಣವಾಗಬೇಕೆಂಬ ತೀರ್ಮಾನವೂ ಆ ಬಂಡವಾಳದ್ದೇ.

ಕ್ಯಾಸೆಟ್ ಬಂದು ಈ ಲೆಕ್ಕವನ್ನು ಬುಡಮೇಲು ಮಾಡಿತು. ಒಂದು ಮೂಲ ಮುದ್ರಣ, ಅದರ ಪ್ರತಿ ತೆಗೆಯುವ ಯಂತ್ರ, ಒಂದು ಮಳಿಗೆ. ಇಷ್ಟಿದ್ದವನೂ ಕಂಪನಿ ಕಟ್ಟಬಹುದಿತ್ತು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಧ್ವನಿಸುರುಳಿಯಾಗಿ ಬಂದು, ಸಿನಿಮಾದ ಹಂಗಿಲ್ಲದೆಯೂ ಕನ್ನಡ ಹಾಡು ಮನೆಮನೆಗೆ ಹೋಗಬಲ್ಲದೆಂದು ತೋರಿಸಿತು.

ಬೆಂಗಳೂರಿನ ಚಾಮರಾಜಪೇಟೆಯ ಲಹರಿ ರೆಕಾರ್ಡಿಂಗ್ ಕಂಪನಿ ಬೆಳೆದದ್ದು ಈ ಗಾಳಿಯಲ್ಲಿ. ಕಟ್ಟಿದವರು ಮನೋಹರ ನಾಯ್ಡು. ಜೊತೆಗೆ ನಿಂತವರು ತಮ್ಮ, ‘ಲಹರಿ ವೇಲು’ ಎಂದೇ ಪ್ರಸಿದ್ಧರಾದವರು. 1987ರಲ್ಲಿ ರವಿಚಂದ್ರನ್ ‘ಪ್ರೇಮಲೋಕ’ ತೆಗೆದರು. ಹಾಡುಗಳು ಹಂಸಲೇಖ ಅವರವು. ಚಿತ್ರಕ್ಕಿಂತ ಹಾಡೇ ಹೆಚ್ಚೆನ್ನುವಷ್ಟು ಹಾಡು! ಆ ಕ್ಯಾಸೆಟ್ಟಿನ ಮಾರಾಟ ಲಹರಿಯ ನಸೀಬನ್ನೇ ಬದಲಿಸಿತು. ಹಿರಿಯೂರು ಬಸ್‌ಸ್ಟ್ಯಾಂಡಾಗಲಿ, ಹೊಳಲ್ಕೆರೆಯ ಸಂತೆಯಾಗಲಿ, ಹೊಸದುರ್ಗದ ಜಾತ್ರೆಯಾಗಲಿ, ಆ ವರ್ಷಗಳಲ್ಲಿ ಕಿವಿಗೆ ಬೀಳುತ್ತಿದ್ದುದು ಅದೇ. ಜೊತೆಗೇ ನಕಲಿಯ ಕಾಟವೂ ಬಂತು. ಖಾಲಿ ಕ್ಯಾಸೆಟ್ ಕೊಟ್ಟರೆ ಬೇಕಾದ ಹಾಡು ‘ತುಂಬಿಸಿ’ ಕೊಡುವ ಅಂಗಡಿ ಯಾವ ಊರಿನಲ್ಲಿರಲಿಲ್ಲ? ಗಿರಾಕಿಗೆ ಅದು ಕಳ್ಳತನವೆಂದು ತೋರಲೂ ಇಲ್ಲ.

ಕ್ಯಾಸೆಟ್ ಹೋಯಿತು, ಸಿ.ಡಿ.ಯೂ ಹೋಯಿತು. ಲಹರಿ ಉಳಿಯಿತು. 2015ರ ‘ಬಾಹುಬಲಿ’ಯ ತೆಲುಗು ಹಾಡುಗಳನ್ನು ಹೊರತಂದದ್ದು ಅದೇ. ರಿಕಿ ಕೇಜ್ ಮತ್ತು ಸ್ಟೂವರ್ಟ್ ಕೋಪ್ಲೆಂಡರ ‘ಡಿವೈನ್ ಟೈಡ್ಸ್’ ಅದರ ಹೆಸರಿನಲ್ಲೇ 2022ರಲ್ಲಿ ಗ್ರ್ಯಾಮಿ ಪಡೆಯಿತು.

ಹಕ್ಕಿನ ಮಾತೊಂದು ಉಳಿದಿದೆ. 2012ರ ಕೃತಿಸ್ವಾಮ್ಯ ತಿದ್ದುಪಡಿ, ಹಾಡು ಬರೆದವರಿಗೂ ರಾಗ ಹಾಕಿದವರಿಗೂ ಗಳಿಕೆಯಲ್ಲಿ ಪಾಲು ಕೊಟ್ಟಿತು. ಇದು ಆಗಲೇಬೇಕಿದ್ದ ಕೆಲಸ. ಆದರೆ ನಮ್ಮ ಸೀಮೆಯ ಸೋಬಾನೆ, ಕೋಲಾಟದ ಪದಗಳಿಗೆ ಬರೆದವರೆಂದು ಯಾರನ್ನು ತೋರಿಸುವುದು? ಮುದ್ರಿಸಿದವನ ಹೆಸರು ಹೊದಿಕೆಯ ಮೇಲೆ ಉಳಿಯುತ್ತದೆ. ಪದ ಕಾಪಾಡಿಕೊಂಡು ಬಂದ ಅಜ್ಜಿಯ ಕುಲಕ್ಕೆ ಕರ್ತೃವಿನ ಪಾಲಿಲ್ಲ. ಇನ್ನು ಕಾಡುಗೊಲ್ಲರು ಗಣೆ ಊದುತ್ತ ಹಾಡುವ ಜುಂಜಪ್ಪನ ಕಾವ್ಯ ರಾತ್ರಿಯಿಡೀ ಸಾಗುವಂಥದು. ಅರವತ್ತು ನಿಮಿಷದ ಸುರುಳಿಗೆ ಅದು ಹಿಡಿಸುತ್ತಲೇ ಇರಲಿಲ್ಲ.