ಗ್ನಾಸಿಸ್‌ನಿಂದ ಹೊಣೆಯ ನೀತಿಗೆ: ಹಾನ್ಸ್ ಯೋನಾಸರ ವಿದ್ವತ್ಪಥ

ಪ್ರಾಚೀನ ಧರ್ಮಪಂಥವೊಂದರ ಇತಿಹಾಸಕಾರರಾಗಿ ವಿದ್ವತ್ ಲೋಕವನ್ನು ಪ್ರವೇಶಿಸಿ, ಆಸ್ಪತ್ರೆಯ ಉಸಿರಾಟದ ಯಂತ್ರ, ಅಂಗಾಂಗ ಕಸಿ, ಇನ್ನೂ ಹುಟ್ಟದ ಪೀಳಿಗೆಗಳ ಬದುಕು ಇವುಗಳ ಚಿಂತಕರಾಗಿ ಕೊನೆಗೊಂಡವರು ಜರ್ಮನ್ ತತ್ತ್ವಜ್ಞಾನಿ ಹಾನ್ಸ್ ಯೋನಾಸ್. ಇಂದು ವಿಶ್ವವಿದ್ಯಾಲಯಗಳಲ್ಲಿ ‘ಅನ್ವಯಿಕ ನೀತಿಶಾಸ್ತ್ರ’ವೆಂಬ ಪ್ರತ್ಯೇಕ ಶಾಖೆಯಿದೆ, ಅದಕ್ಕೆ ಪೀಠಗಳಿವೆ, ನಿಯತಕಾಲಿಕೆಗಳಿವೆ. ಯೋನಾಸರು ಬೋಧನೆಗೆ ತೊಡಗಿದಾಗ ಇವಾವುವೂ ಇರಲಿಲ್ಲ. ಶಾಖೆ ಹುಟ್ಟುವ ಮುನ್ನವೇ ಅದರ ಪ್ರಶ್ನೆಗಳು ಅವರಿಗೆ ಎದುರಾದವು. ಎದುರಾದದ್ದು ಗ್ರಂಥಾಲಯದಲ್ಲಿ ಮಾತ್ರವಲ್ಲ, ಯುದ್ಧಭೂಮಿಯಲ್ಲಿ.

ಯೋನಾಸರು ಜನಿಸಿದ್ದು 1903ರ ಮೇ 10ರಂದು, ಜವಳಿ ಉದ್ಯಮಕ್ಕೆ ಹೆಸರಾದ ಮೊಂಶೆನ್‌ಗ್ಲಾಡ್‌ಬಾಖ್ ಪಟ್ಟಣದ ಯಹೂದಿ ಮನೆತನದಲ್ಲಿ. ತಂದೆ ಗುಸ್ತಾವ್ ಜವಳಿ ಕಾರ್ಖಾನೆಯ ಒಡೆಯರು. ತಾಯಿ ರೋಸಾ ಕ್ರೇಫೆಲ್ಡ್ ಪಟ್ಟಣದ ಪ್ರಧಾನ ರಬ್ಬಿಯ ಮಗಳು. 1921ರಲ್ಲಿ ಫ್ರೈಬುರ್ಗ್ ವಿಶ್ವವಿದ್ಯಾಲಯಕ್ಕೆ ಬಂದ ತರುಣನಿಗೆ ಗುರುಗಳಾಗಿ ದೊರೆತವರು ಎಡ್ಮಂಡ್ ಹುಸೆರ್ಲ್ ಮತ್ತು ಆಗಿನ್ನೂ ಹೆಚ್ಚು ಹೆಸರಾಗದ ಮಾರ್ಟಿನ್ ಹೈಡೆಗರ್. ಅನಂತರ ಬರ್ಲಿನ್ನಿನಲ್ಲಿ ಯಹೂದಿ ಶಾಸ್ತ್ರಾಧ್ಯಯನ. ಪ್ಯಾಲೆಸ್ಟೈನಿಗೆ ವಲಸೆ ಹೋಗುವ ಸಿದ್ಧತೆಯೆಂದು ಕೆಲವು ತಿಂಗಳು ಬೇಸಾಯದ ತರಬೇತಿ. ಮಣ್ಣಿನ ಕೆಲಸ ಕೈಗೆ ಹತ್ತಲಿಲ್ಲ. ಹೈಡೆಗರರನ್ನು ಹಿಂಬಾಲಿಸಿ ಮಾರ್‌ಬುರ್ಗಿಗೆ ಹೋದರು. ಅಲ್ಲಿ ಸಹಪಾಠಿಯಾಗಿ ಸಿಕ್ಕವರು ಹಾನಾ ಆರೆಂಟ್. ಹೊಸ ಒಡಂಬಡಿಕೆಯ ಪಾಠ ಹೇಳುತ್ತಿದ್ದವರು ರುಡೊಲ್ಫ್ ಬುಲ್ಟ್‌ಮನ್. ಆರೆಂಟರ ಸ್ನೇಹ, ಬುಲ್ಟ್‌ಮನ್ನರ ವಾತ್ಸಲ್ಯ ಎರಡೂ ಜೀವನದುದ್ದಕ್ಕೂ ಉಳಿದವು. ಹೈಡೆಗರರ ಮೇಲಿನ ಭಕ್ತಿ ಉಳಿಯಲಿಲ್ಲ.

1928ರಲ್ಲಿ ಹೈಡೆಗರರ ಮಾರ್ಗದರ್ಶನದಲ್ಲಿಯೇ ಯೋನಾಸರು ಡಾಕ್ಟರೇಟ್ ಪಡೆದರು. ವಿಷಯ ‘ಗ್ನಾಸಿಸ್’. ಈ ಗ್ರೀಕ್ ಪದವೂ ಸಂಸ್ಕೃತದ ‘ಜ್ಞಾನ’ವೂ ಒಂದೇ ಬೇರಿನ ಕವಲುಗಳು. ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಮೆಡಿಟರೇನಿಯನ್ ಪ್ರದೇಶದಲ್ಲಿ ಹಬ್ಬಿದ್ದ ಗ್ನಾಸ್ಟಿಕ್ ಪಂಥಗಳು ಈ ಲೋಕವನ್ನು ಅಜ್ಞಾನಿಯಾದ ಕೆಳದೇವತೆಯೊಬ್ಬನ ಸೃಷ್ಟಿಯೆಂದು, ಆತ್ಮಕ್ಕೆ ಒಡ್ಡಿದ ಸೆರೆಮನೆಯೆಂದು ಬಗೆದಿದ್ದವು. ಮುಕ್ತಿಯೆಂದರೆ ಈ ಪರಕೀಯ ಲೋಕದಿಂದ ಪಾರಾಗುವ ಅರಿವು. ಚದುರಿಹೋಗಿದ್ದ ಈ ಪಂಥಗಳ ಪುರಾಣಗಳ ಹಿಂದೆ ಒಂದೇ ಬಗೆಯ ಅಸ್ತಿತ್ವಾನುಭವವಿದೆಯೆಂದು ತೋರಿಸಿದ್ದು ಯೋನಾಸರ ಹೆಚ್ಚುಗಾರಿಕೆ. ಈ ಅಧ್ಯಯನದ ಮೊದಲ ಸಂಪುಟ 1934ರಲ್ಲಿ ಗ್ಯೋಟಿಂಗೆನ್ ನಗರದಿಂದ ಹೊರಬಂದಿತು. ಹಿಟ್ಲರನ ಆಳ್ವಿಕೆ ಆರಂಭವಾಗಿ ವರ್ಷ ಕಳೆದಿತ್ತು. ಯಹೂದಿ ಲೇಖಕನ ಆ ಗ್ರಂಥಕ್ಕೆ ಮುನ್ನುಡಿ ಬರೆದು ಹೆಸರು ಹಾಕಿದವರು ಬುಲ್ಟ್‌ಮನ್. ಇತ್ತ ಹೈಡೆಗರ್ 1933ರಲ್ಲಿ ಫ್ರೈಬುರ್ಗಿನ ರೆಕ್ಟರ್ ಪದವಿಯನ್ನೇರಿ ನಾಜಿ ಪಕ್ಷವನ್ನು ಸೇರಿದ್ದರು. ಇಬ್ಬರು ಗುರುಗಳ ನಡುವಣ ಅಂತರವನ್ನು ಅಳೆಯಲು ಬೇರೆ ಮಾನದಂಡ ಬೇಕಿಲ್ಲ.

ಪುಸ್ತಕ ಅಚ್ಚಾಗುವ ವೇಳೆಗೆ ಲೇಖಕರು ಜರ್ಮನಿಯಲ್ಲಿರಲಿಲ್ಲ. 1933ರಲ್ಲಿಯೇ ಲಂಡನ್ನಿಗೆ, 1935ರಲ್ಲಿ ಜೆರುಸಲೇಮಿಗೆ ತೆರಳಿದ್ದರು. ಗೆದ್ದ ಸೈನ್ಯದ ಯೋಧನಾಗಿ ಹೊರತು ಆ ನೆಲವನ್ನು ಮತ್ತೆ ತುಳಿಯುವುದಿಲ್ಲವೆಂಬುದು ಹೊರಡುವಾಗಿನ ಶಪಥ. ತತ್ತ್ವಶಾಸ್ತ್ರಜ್ಞರ ಶಪಥಗಳು ಸಾಮಾನ್ಯವಾಗಿ ಕಾಗದದ ಮೇಲೆಯೇ ಉಳಿಯುತ್ತವೆ. ಯೋನಾಸರು ಬ್ರಿಟಿಷ್ ಸೇನೆಗೆ ಸೇರಿ, 1944ರಲ್ಲಿ ರಚಿತವಾದ ಯಹೂದಿ ಬ್ರಿಗೇಡಿನೊಂದಿಗೆ ಇಟಲಿಯಲ್ಲಿ ಹೋರಾಡಿ, 1945ರಲ್ಲಿ ಸಮವಸ್ತ್ರದಲ್ಲಿಯೇ ಜರ್ಮನಿಯನ್ನು ಹೊಕ್ಕರು.

ಹುಟ್ಟೂರಿನಲ್ಲಿ ಕಾದಿದ್ದದ್ದು ತಾಯಿಯ ಸಾವಿನ ಸುದ್ದಿ. ದೇಶ ಬಿಟ್ಟು ಹೋಗಲು ರೋಸಾ ಅವರಿಗೆ ಪರವಾನಗಿ ದೊರೆತಿತ್ತು. ಡಾಖೌ ಶಿಬಿರದಲ್ಲಿ ಬಂಧಿಯಾಗಿದ್ದ ಇನ್ನೊಬ್ಬ ಮಗನ ಬಿಡುಗಡೆಗಾಗಿ ಅದನ್ನು ಬಿಟ್ಟುಕೊಟ್ಟರು. ಆಕೆಯನ್ನು ಮೊದಲು ಲೋಡ್ಜ್ ನಗರದ ಯಹೂದಿ ಕೇರಿಗೆ, ಅಲ್ಲಿಂದ 1942ರಲ್ಲಿ ಔಶ್ವಿಟ್ಸ್‌ಗೆ ಸಾಗಿಸಲಾಯಿತು. ಅದೇ ದಿನಗಳಲ್ಲಿ ಯೋನಾಸರು ಮಾರ್‌ಬುರ್ಗಿಗೆ ಹೋಗಿ ಬುಲ್ಟ್‌ಮನ್ನರ ಮನೆಯ ಬಾಗಿಲು ತಟ್ಟಿದರು. ಯೋಧನ ಕಂಕುಳಲ್ಲಿ ಪುಸ್ತಕವೊಂದಿತ್ತು. ಕುಶಲಪ್ರಶ್ನೆ ಮುಗಿಯುವ ಮುನ್ನವೇ ವೃದ್ಧ ಗುರು ಅದರತ್ತ ಬೆರಳು ತೋರಿ, ಅದು ಗ್ನಾಸಿಸ್‌ನ ಎರಡನೆಯ ಸಂಪುಟವಿರಬಹುದೇ ಎಂದು ಆಸೆಯಿಂದ ಕೇಳಿದರು. ಆ ಪ್ರಶ್ನೆಯೇ ತಮ್ಮ ಒಡಕನ್ನು ಮೊದಲಿಗೆ ಬೆಸೆಯಿತೆಂದು ಯೋನಾಸರು ಮುಂದೆ ನೆನೆದಿದ್ದಾರೆ. ಹೈಡೆಗರರನ್ನು ಮಾತ್ರ ಅವರು ಕಾಣಲು ಹೋಗಲಿಲ್ಲ. ಅವರಿಬ್ಬರು ಮುಖಾಮುಖಿಯಾದದ್ದು 1969ರಲ್ಲಿ, ಜ್ಯೂರಿಚ್‌ನಲ್ಲಿ. ಮುಖ್ಯ ವಿಷಯವನ್ನು ಇಬ್ಬರೂ ಎತ್ತಲಿಲ್ಲ.

ಎರಡನೆಯ ಸಂಪುಟದ ಮೊದಲ ಭಾಗ ಹೊರಬಂದದ್ದು 1954ರಲ್ಲಿ. ಆದರೆ ಯೋನಾಸರ ಮನಸ್ಸು ಆ ವೇಳೆಗಾಗಲೇ ಬೇರೆಡೆಗೆ ಹೊರಳಿತ್ತು. ಯುದ್ಧರಂಗದಿಂದ ಪತ್ನಿ ಲೋರೆ ಅವರಿಗೆ ಬರೆದ ಪತ್ರಗಳಲ್ಲಿ ಆ ಹೊರಳುವಿಕೆ ಕಾಣುತ್ತದೆ. ಪುಸ್ತಕಗಳಿಲ್ಲ, ಆಕರಗಳಿಲ್ಲ. ಸದಾ ಅಪಾಯದಲ್ಲಿರುವ ದೇಹವೊಂದೇ ಚಿಂತನೆಗೆ ದೊರೆತ ಸಾಮಗ್ರಿ. ಅಸ್ತಿತ್ವವನ್ನು ಕುರಿತು ಅಷ್ಟೊಂದು ಮಾತಾಡಿದ ಹೈಡೆಗರರ ದರ್ಶನದಲ್ಲಿ ಹಸಿವಿಗೆ ಎಡೆಯಿರಲಿಲ್ಲ. ಜೀವಿಯೆಂದರೆ ಏನು? ಹೊರಗಿನ ದ್ರವ್ಯವನ್ನು ಎಡೆಬಿಡದೆ ಒಳಗೆ ತೆಗೆದುಕೊಂಡು, ಹೊರಹಾಕಿ, ತನ್ನ ರೂಪವನ್ನು ಉಳಿಸಿಕೊಳ್ಳುವ ವ್ಯವಸ್ಥೆ. ಈ ಚಯಾಪಚಯ ಕ್ರಿಯೆಯಲ್ಲಿಯೇ ಸ್ವಾತಂತ್ರ್ಯದ ಮೊಳಕೆಯಿದೆ, ಅದರೊಡನೆ ಸಾವಿನ ಭಯವೂ ಇದೆ. ಕಲ್ಲಿಗೆ ಇರುವಿಕೆ ತಾನಾಗಿ ಒದಗಿದ್ದು. ಜೀವಿಗೆ ಅದು ಕ್ಷಣಕ್ಷಣದ ಸಾಧನೆ. ತನ್ನ ಇರವನ್ನು ತಾನೇ ಬಯಸುವ ವಸ್ತುವನ್ನು ಮೌಲ್ಯಶೂನ್ಯವೆನ್ನುವುದು ಹೇಗೆ? ಈ ವಿಚಾರ 1966ರ ‘ಜೀವವೆಂಬ ವಿದ್ಯಮಾನ’ ಗ್ರಂಥದಲ್ಲಿ ಪೂರ್ಣರೂಪ ತಳೆಯಿತು.

ನಡುವಣ ವರ್ಷಗಳ ಉದ್ಯೋಗಪರ್ವವನ್ನು ಸಂಕ್ಷೇಪವಾಗಿ ಹೇಳಬಹುದು. 1949ರಲ್ಲಿ ಕೆನಡಾ, ಮಾಂಟ್ರಿಯಲ್ಲಿನ ಮೆಕ್‌ಗಿಲ್, ಆಟವಾದ ಕಾರ್ಲ್‌ಟನ್. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಆಹ್ವಾನವನ್ನು ಒಲ್ಲೆನೆಂದಾಗ ಗೆಳೆಯ ಗೆರ್ಶೋಮ್ ಶೋಲೆಮ್ ತೀವ್ರವಾಗಿ ಮುನಿದರು. 1955ರಿಂದ 1976ರಲ್ಲಿ ನಿವೃತ್ತರಾಗುವವರೆಗೆ ನ್ಯೂಯಾರ್ಕಿನ ನ್ಯೂ ಸ್ಕೂಲ್. ನಾಜಿಗಳಿಂದ ತಪ್ಪಿಸಿಕೊಂಡು ಬಂದ ಯೂರೋಪಿನ ವಿದ್ವಾಂಸರಿಗೆ 1933ರಿಂದಲೂ ಆಸರೆಯಾಗಿದ್ದ ಸಂಸ್ಥೆ ಅದು. ಈ ಅವಧಿಯ ಬರಹಗಳಲ್ಲಿ ಮರೆಯಬಾರದ್ದು ಗ್ನಾಸ್ಟಿಕ್ ದರ್ಶನವನ್ನೂ ಆಧುನಿಕ ಶೂನ್ಯವಾದವನ್ನೂ ಎದುರುಬದುರು ನಿಲ್ಲಿಸಿದ 1952ರ ಪ್ರಬಂಧ. ಗ್ನಾಸ್ಟಿಕನಿಗೆ ಪ್ರಕೃತಿ ಹಗೆ, ಆಧುನಿಕನಿಗೆ ಪ್ರಕೃತಿ ಉದಾಸೀನ. ಹಗೆಯಾದರೂ ಒಂದು ಸಂಬಂಧ. ಉದಾಸೀನದಲ್ಲಿ ಅದೂ ಇಲ್ಲವಾದ್ದರಿಂದ ಆಧುನಿಕನ ಪಾಡೇ ಹೆಚ್ಚು ಘೋರವೆಂಬುದು ಅಲ್ಲಿನ ವಾದ. ಇತಿಹಾಸಕಾರ ನೀತಿಚಿಂತಕನಾದ ತಿರುವು ಇಲ್ಲಿಯೇ ಇದೆ. ಪ್ರಕೃತಿಗೆ ಬೆಲೆಯಿಲ್ಲವೆಂದು ಬಗೆದವನು ಅದನ್ನು ಏನು ಬೇಕಾದರೂ ಮಾಡಬಲ್ಲನು.

ಅನ್ವಯದ ಪ್ರಶ್ನೆ ನೇರವಾಗಿ ಬಂದದ್ದು ವೈದ್ಯಲೋಕದಿಂದ. ಹಾರ್ವರ್ಡಿನ ಅರಿವಳಿಕೆ ತಜ್ಞ ಹೆನ್ರಿ ಬೀಚರ್ 1966ರಲ್ಲಿ, ರೋಗಿಗಳ ಮೇಲೆ ಅನೈತಿಕವಾಗಿ ನಡೆದ 22 ಪ್ರಯೋಗಗಳನ್ನು ಪಟ್ಟಿಮಾಡಿ ಪ್ರಕಟಿಸಿದ್ದರು. ಮಾನವಪ್ರಯೋಗಗಳ ಬಗ್ಗೆ ಅಮೆರಿಕನ್ ಕಲಾ ಮತ್ತು ವಿಜ್ಞಾನ ಅಕಾಡೆಮಿ ಏರ್ಪಡಿಸಿದ ಚರ್ಚೆಗೆ ಯೋನಾಸರನ್ನು ಕರೆಯಲಾಯಿತು. 1969ರಲ್ಲಿ ಅಚ್ಚಾದ ಅವರ ಪ್ರಬಂಧದ ನಿಲುವು ಈಗಲೂ ಬೆಚ್ಚಿಬೀಳಿಸುವಂಥದು. ರೋಗನಿವಾರಣೆಯ ಪ್ರಗತಿ ಒಳ್ಳೆಯದೇ, ಆದರೆ ಅದು ಸಮಾಜಕ್ಕೆ ಸಲ್ಲಬೇಕಾದ ಸಾಲವಲ್ಲ. ಪ್ರಗತಿ ನಿಧಾನವಾದರೆ ಸಮಾಜ ಅಳಿಯದು, ನೈತಿಕತೆ ಸವೆದರೆ ಉಳಿಯದು. ಪ್ರಯೋಗಕ್ಕೆ ಒಡ್ಡಿಕೊಳ್ಳಬೇಕಾದವರಲ್ಲಿ ಮೊದಲಿಗರು ಸ್ವತಃ ಸಂಶೋಧಕರು. ಉದ್ದೇಶವನ್ನು ಚೆನ್ನಾಗಿ ಅರಿತವರು, ಸ್ವತಂತ್ರರು ಆಮೇಲೆ. ಬಡವರು, ಬಂದಿಗಳು, ಪರಾಧೀನರು ಕಟ್ಟಕಡೆಗೆ. ವಾಸ್ತವದಲ್ಲಿ ನಡೆಯುತ್ತಿದ್ದದ್ದು ಇದರ ತಿರುಗುಮುರುಗು. ಸುಲಭವಾಗಿ ಸಿಗುವವರನ್ನೇ ಮೊದಲು ಬಳಸಲಾಗುತ್ತಿತ್ತು.

ಅದೇ ಬೀಚರರ ಅಧ್ಯಕ್ಷತೆಯ ಹಾರ್ವರ್ಡ್ ಸಮಿತಿ 1968ರ ಆಗಸ್ಟಿನಲ್ಲಿ, ಮರಳಿ ಬಾರದ ಪ್ರಜ್ಞಾಹೀನತೆಯನ್ನೇ ಸಾವಿನ ಹೊಸ ಲಕ್ಷಣವೆಂದು ಪರಿಗಣಿಸಬೇಕೆಂದು ಸೂಚಿಸಿತು. ಕೇಪ್‌ಟೌನಿನಲ್ಲಿ ಮೊದಲ ಹೃದಯ ಕಸಿ ನಡೆದು ವರ್ಷವೂ ತುಂಬಿರಲಿಲ್ಲ. ಯೋನಾಸರು ಒಡನೆಯೇ ಪ್ರತಿಭಟಿಸಿದರು. ಅವರ ವಿರೋಧವನ್ನು ಹಳೆಯ ಕಾಲದವರ ಹಿಂಜರಿಕೆಯೆಂದು ತಳ್ಳಿಹಾಕುವುದು ಅನ್ಯಾಯ. ಇಂಥ ರೋಗಿಯ ಉಸಿರಾಟದ ಯಂತ್ರವನ್ನು ನಿಲ್ಲಿಸಬಾರದೆಂದು ಅವರು ಹೇಳಲಿಲ್ಲ; ನಿಲ್ಲಿಸಿ, ಸಾಯಗೊಡಿ ಎಂದರು. ಸಾವಿನ ವ್ಯಾಖ್ಯೆಯನ್ನು ಮೊದಲು ಬದಲಿಸಿ, ಯಂತ್ರವನ್ನು ನಡೆಸುತ್ತಲೇ ಇಟ್ಟು, ಆ ದೇಹವನ್ನು ಅಂಗಗಳ ಉಗ್ರಾಣವಾಗಿಸಬೇಡಿ ಎಂದರು. ಬದುಕು ಸಾವುಗಳ ಗಡಿರೇಖೆ ನಿಖರವಾಗಿ ತಿಳಿಯದಿರುವಾಗ, ಉಪಯೋಗದ ಒತ್ತಡಕ್ಕೆ ಮಣಿದು ಆ ರೇಖೆಯನ್ನು ಎಳೆಯುವುದು ಸಲ್ಲದು. 1970ರಲ್ಲಿ ಈ ವಾದವನ್ನು ವಿಸ್ತರಿಸಿ ಬರೆದ ಪ್ರಬಂಧಕ್ಕೆ ‘ಪ್ರವಾಹಕ್ಕೆ ಎದುರಾಗಿ’ ಎಂಬ ಅರ್ಥದ ಹೆಸರಿಟ್ಟರು. ತಾವು ಸೋಲುತ್ತಿರುವುದು ಅವರಿಗೆ ತಿಳಿದಿತ್ತು. ಮಿದುಳಿನ ಸಾವು ಹಲವು ದೇಶಗಳ ಕಾನೂನಿಗೆ ಸೇರಿತು. ಕಸಿಯಿಂದ ಅಸಂಖ್ಯ ಜೀವಗಳು ಉಳಿದವು. ಆದರೂ ವ್ಯಾಖ್ಯೆಯ ಉದ್ದೇಶವೇನೆಂಬ ಅವರ ಪ್ರಶ್ನೆ ತಣ್ಣಗಾಗಿಲ್ಲ.

ನಿವೃತ್ತಿಯ ಅನಂತರ, 1979ರಲ್ಲಿ, ‘ದಾಸ್ ಪ್ರಿನ್ಸಿಪ್ ಫೆರಾಂಟ್‌ವೋರ್ಟುಂಗ್’ ಪ್ರಕಟವಾಯಿತು. ‘ಹೊಣೆಯೆಂಬ ತತ್ತ್ವ’ ಎಂದು ಇದನ್ನು ಕನ್ನಡಿಸಬಹುದು. ಎರ್ನ್‌ಸ್ಟ್ ಬ್ಲಾಕರ ‘ಭರವಸೆಯೆಂಬ ತತ್ತ್ವ’ಕ್ಕೆ ಶೀರ್ಷಿಕೆಯಲ್ಲಿಯೇ ಎದುರುತ್ತರವಿದೆ. ದಶಕಗಳ ಕಾಲ ಇಂಗ್ಲಿಷಿನಲ್ಲಿ ಬರೆದಿದ್ದವರು ಈ ಗ್ರಂಥಕ್ಕೆ ಮಾತೃಭಾಷೆಗೆ ಮರಳಿದರು. ಕಲಿತ ನುಡಿಯಲ್ಲಿ ಎರಡು ಮೂರು ಪಟ್ಟು ಸಮಯ ಬೇಕು, ವಯಸ್ಸು ಅದನ್ನು ಕೊಡದು ಎಂಬುದು ಅವರು ಕೊಟ್ಟ ಕಾರಣ. ತಾಯಿಯನ್ನು ಕೊಂದ ನಾಡಿನ ನುಡಿ ಎಂಬ ಮಾತನ್ನು ಅವರು ಅಲ್ಲಿ ಎತ್ತಿಲ್ಲ.

ಹಿಂದಿನ ನೀತಿಶಾಸ್ತ್ರವೆಲ್ಲ ನೆರೆಯವನನ್ನು, ಸಮಕಾಲೀನನನ್ನು ಮುಂದಿಟ್ಟುಕೊಂಡದ್ದು. ತಂತ್ರಜ್ಞಾನದ ಕೈ ಶತಮಾನಗಳಾಚೆಗೂ ಚಾಚುವುದರಿಂದ ಆ ನೀತಿ ಸಾಲದು ಎಂಬುದು ಗ್ರಂಥದ ತಳಹದಿ. ಭೂಮಿಯ ಮೇಲೆ ನಿಜವಾದ ಮನುಷ್ಯಜೀವನ ಮುಂದುವರಿಯುವುದಕ್ಕೆ ಅಡ್ಡಿಯಾಗುವಂಥ ಕಾರ್ಯವನ್ನು ಮಾಡಕೂಡದೆಂಬುದು ಹೊಸ ವಿಧಿ. ಶುಭಾಶುಭ ಮುನ್ಸೂಚನೆಗಳೆರಡೂ ಇದ್ದಲ್ಲಿ ಅಶುಭಕ್ಕೇ ಮೊದಲು ಕಿವಿಗೊಡಬೇಕು. ಭಯವೂ ಅರಿವಿನ ಸಾಧನ. ಹೊಣೆಯ ಮೂಲಮಾದರಿ ಕರಾರಲ್ಲ, ಹಸುಳೆ. ಕೂಸು ಉಸಿರಾಡುತ್ತಿದೆ ಎಂಬುದೇ ಕಂಡವರ ಮೇಲೆ ಕರ್ತವ್ಯವನ್ನು ಹೇರುತ್ತದೆ.

ಇಲ್ಲಿ ಕನ್ನಡದ ಪದಗಳು ಒಂದು ಸೂಕ್ಷ್ಮವನ್ನು ತೆರೆಯುತ್ತವೆ. ಜರ್ಮನಿನ ‘ಫೆರಾಂಟ್‌ವೋರ್ಟುಂಗ್’ ಒಡಲಲ್ಲಿರುವುದು ‘ಉತ್ತರ’. ಅರಬ್ಬಿಯ ‘ಜವಾಬ್’ ಮೂಲದಿಂದ ಬಂದ ‘ಜವಾಬ್ದಾರಿ’ಯಲ್ಲಿಯೂ ಅದೇ. ಎರಡೂ ಆದ ಕೃತ್ಯಕ್ಕೆ ವಿಚಾರಣೆಯಲ್ಲಿ ಉತ್ತರ ಹೇಳುವ ಭಾವದವು. ಹಳಗನ್ನಡದಿಂದ ಬಂದ ‘ಹೊಣೆ’ಯಾದರೋ ಮತ್ತೊಬ್ಬರಿಗಾಗಿ ಜಾಮೀನು ನಿಲ್ಲುವುದು. ಯೋನಾಸರು ಬಿಡಿಸಿ ಹೇಳಲು ಪುಟಗಟ್ಟಲೆ ಶ್ರಮಿಸಿದ್ದು, ಗತಕ್ಕೆ ಉತ್ತರಿಸುವ ಜವಾಬ್ದಾರಿಗೂ ಅನಾಗತಕ್ಕಾಗಿ ನಿಲ್ಲುವ ಹೊಣೆಗೂ ಇರುವ ಈ ವ್ಯತ್ಯಾಸವನ್ನೇ.

ಗ್ರಂಥಕ್ಕೆ ಓದುಗರು ಅಪಾರ, ಟೀಕಾಕಾರರೂ ಕಡಿಮೆಯಿಲ್ಲ. ಇರುವಿಕೆಯಿಂದ ಕರ್ತವ್ಯವನ್ನು ಹೊರಡಿಸುವ ತರ್ಕ ನಿಲ್ಲದೆಂದು ಹಲವರು ಆಕ್ಷೇಪಿಸಿದರು. ಕಾರ್ಲ್-ಓಟ್ಟೊ ಆಪೆಲ್ ಸಂವಾದದ ನೀತಿಯನ್ನು ಎದುರಿಟ್ಟರು. ಡೀಟರ್ ಬಿರ್ನ್‌ಬಾಖರ್ 1988ರ ಗ್ರಂಥದಲ್ಲಿ ಭಾವಿ ಪೀಳಿಗೆಗಳ ಹೊಣೆಯನ್ನು ಉಪಯುಕ್ತತಾವಾದದ ನೆಲೆಯಲ್ಲಿ ಕಟ್ಟಿದರು. ಸಂಕಟಕಾಲದಲ್ಲಿ ಸದುದ್ದೇಶದ ನಿರಂಕುಶ ಆಳ್ವಿಕೆ ಪ್ರಜಾಪ್ರಭುತ್ವಕ್ಕಿಂತ ಸಮರ್ಥವಾದೀತೆಂಬ ಇಂಗಿತ ಗ್ರಂಥದಲ್ಲಿದೆ. ಅದು ಅದರ ಅತಿ ದುರ್ಬಲ ಭಾಗ, ಬರೆದವರ ಬದುಕನ್ನು ಬಲ್ಲವರಿಗೆ ಅತಿ ಅಚ್ಚರಿಯ ಭಾಗವೂ ಹೌದು.

1987ರಲ್ಲಿ ಜರ್ಮನ್ ಪುಸ್ತಕೋದ್ಯಮದ ಶಾಂತಿ ಪ್ರಶಸ್ತಿ ಸಂದಿತು. 1993ರ ಜನವರಿ ಕೊನೆಗೆ ನೊನೀನೊ ಪ್ರಶಸ್ತಿಗಾಗಿ ಇಟಲಿಯ ಉದೀನೆಗೆ ಹೋದರು. ಯೋಧನಾಗಿ ಹೋರಾಡಿದ್ದ ದೇಶವದು. ಮರಳಿ ಬಂದ ಕೆಲವೇ ದಿನಗಳಲ್ಲಿ, ಫೆಬ್ರವರಿ 5ರಂದು, ನ್ಯೂಯಾರ್ಕ್ ಬಳಿಯ ನ್ಯೂ ರೋಷೆಲ್ಲಿನಲ್ಲಿ ನಿಧನರಾದರು. ಅವರ ಹಸ್ತಪ್ರತಿಗಳು ಈಗ ಜರ್ಮನಿಯ ಕೊನ್‌ಸ್ಟಾನ್ಸ್ ವಿಶ್ವವಿದ್ಯಾಲಯದಲ್ಲಿವೆ. ಲೋರೆ ಅವರಿಗೆ ಯುದ್ಧರಂಗದಿಂದ ಬರೆದ ಪತ್ರಗಳು 2003ರಲ್ಲಿ ಅವರ ನೆನಪುಗಳ ಸಂಪುಟದೊಂದಿಗೆ ಅಚ್ಚಾದವು.