ಗೇಮ್ ಪೌಚ್‌ಗೂ ಒಂದು ಇತಿಹಾಸ ಐತಿ

1/5
ದೋಸ್ತರ, 2017ರಲ್ಲಿ ಬಂದ ನಿಂಟೆಂಡೊ ಸ್ವಿಚ್ ಇಡೋ ಝಿಪ್ ಪೌಚ್ ನೋಡೀರಲ್ಲ? ಹೊರಗ ಗಟ್ಟಿ ಚಿಪ್ಪು, ಒಳಗ ಮೆತ್ತನ್ನ ಹಾಸು, ಗೇಮ್ ಕಾರ್ಡ್ ಸಿಗಿಸಾಕ ಸಣ್ಣ ಗೂಡು. ಪರದೆ ಗೀರಬಾರದು, ಮ್ಯಾಲೆದ್ದಿರೋ ಜಾಯ್‌ಸ್ಟಿಕ್ ಮುರೀಬಾರದು, ಸಣ್ಣ ಕಾರ್ಡ್ ಕಳೀಬಾರದು. ಇದೇ ಚಿಂತಿ ನಮ್ಮ ಹಿರಿಯರಿಗೂ ಇತ್ತು. ಅವರು ಏನ್ ಮಾಡಿದ್ರು ಅಂತ ಈ ಸಲ ನೋಡೋಣ.

2/5
ಮೊದಲು ಗಂಜೀಫಾ. ಇಸ್ಪೀಟ್ ಎಲಿಯಂಗ, ಆದ್ರ ಹೆಚ್ಚಾಗಿ ದುಂಡಗ. 1527ರಲ್ಲಿ ಬಾಬರ್ ಸಿಂಧ್‌ನ ಶಾ ಹಸನ್‌ಗೆ ಗಂಜೀಫಾ ಕಳಿಸಿದ್ದು ಬಾಬರ್‌ನಾಮಾದಾಗ ಬರತೈತಿ. ಮೊಘಲ್ ಗಂಜೀಫಾದಾಗ 96 ಎಲಿ. ದಶಾವತಾರ ಗಂಜೀಫಾದಾಗ ಒಂದೊಂದು ಅವತಾರಕ್ಕ 12ರಂತೆ 120. ಶ್ರೀಮಂತರ ಎಲಿ ದಂತದ್ದು, ಉಳಿದವರದ್ದು ಬಟ್ಟೆ, ಕಾಗದದ್ದು. ಎಲ್ಲಾ ಕೈಲೇ ಬರೆದ ಚಿತ್ರ. ಒಂದು ಎಲಿ ಕಳೆದ್ರ ಲೆಕ್ಕ ತಪ್ಪತೈತಿ. ಒಂದರ ಬೆನ್ನಿಗೆ ಗೀರು ಬಿದ್ರೂ ಎದುರಿನವರು ಅದನ್ನ ಗುರುತು ಹಿಡೀತಾರ, ಆಟ ಕೆಡತೈತಿ. ಅದಕ್ಕ ಜೋಡಿಗೊಂದು ಕಟ್ಟಿಗಿ ಪೆಟ್ಟಿಗಿ, ಸರಿಸಿ ತೆಗೆಯೋ ಮುಚ್ಚಳ, ಅದರ ಮ್ಯಾಲೂ ಚಿತ್ತಾರ.

3/5
ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಟದ ಹುಚ್ಚಿದ್ದ ಅರಸರು. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ ಅವರ ಕಾಲದ ‘ಛದ’ ಅನ್ನೋ ಎಲೆ ಆಟಗಳ ವಿವರಣೆ ಇದೆ. ಒಂದೇ ಆಟಕ್ಕೆ 360 ಎಲೆವರೆಗೂ ಹೋಗಿತ್ತು! ಮೈಸೂರಿನ ಜಗನ್ಮೋಹನ ಅರಮನೆಗೆ ಹೋದ್ರ ಗೋಡೆ ಮ್ಯಾಲೆ ಆಗಿನ ಆಟದ ಮನೆಗಳ ಚಿತ್ರ ಕಾಣಸ್ತಾವ. ಗಂಜೀಫಾ ಬರೆಯೋ ಕಲಾವಿದರು ಇವತ್ತಿಗೂ ಅದಾರ. ಆದ್ರ ಕುಂತು ಆಡೋರು ಬಲು ಅಪರೂಪ.

4/5
ಅರಸರ ಮಾತು ಬಿಡ್ರಿ, ನಮ್ಮ ಮನಿ ಅಳಗುಳಿ ಮಣಿ ನೋಡ್ರಿ. ಏಳೇಳರ ಎರಡು ಸಾಲು, 14 ಗುಳಿ. ಕೆಲವು ಮಣಿಗೆ ನಡುವ ತಿರುಗಣಿ ಇರತೈತಿ. ಹುಣಸಿ ಬೀಜ, ಗುಲಗಂಜಿ ಒಳಗ ಹಾಕಿ ಮಡಚಿದ್ರ ಆಟನ ಪೆಟ್ಟಿಗಿ ಆಗತೈತಿ. 1982ರಲ್ಲಿ ನಿಂಟೆಂಡೊ ಎರಡು ಪರದೆಯ ‘ಗೇಮ್ ಆ್ಯಂಡ್ ವಾಚ್’ ತಂದಾಗ ಮಾಡಿದ್ದೂ ಇದನ್ನ: ಮಡಚಿದ್ರ ಪರದೆಗಳು ಒಳಗ ಸುರಕ್ಷಿತ. ಪಗಡಿ ಹಾಸೂ ಹಂಗ. ಬಟ್ಟೆಯದಾದ್ರ ಕಾಯಿ, ಕವಡಿ ಅದರಾಗ ಸುತ್ತಿ ಕಟ್ಟಿಕೊಂಡು ಹೋಗಬಹುದು. ನಮ್ಮ ನರಗುಂದದ ಪಕ್ಕದ ನವಲಗುಂದದ ಹೆಣ್ಮಕ್ಕಳು ನೇಯೋ ಜಮಖಾನದಾಗ ಪಗಡಿ ಮನಿ ಚಿತ್ತಾರನೂ ಐತಿ.

5/5
ಪೆಟ್ಟಿಗಿ ಎಲಿ ಕಾಯತೈತಿ, ಕಾಯಿ ಕಾಯತೈತಿ. ನಿಯಮ ಕಾಯೋದಿಲ್ಲ. ಗುಳಿ ಖಾಲಿ ಬಂದ್ರ ಯಾರ ಬೀಜ ಯಾರಿಗೆ, ಗಟ್ಟಿ ಮನಿ ಯಾವುದು, ಯಾವಾಗ ಮತ್ತೊಂದು ಗರ ಹಾಕಬಹುದು ಅನ್ನೋದು ಊರಿಂದೂರಿಗೆ ಬ್ಯಾರೆ. ಇದೆಲ್ಲಾ ಕೈಪಿಡಿಯಾಗಿ ಅಚ್ಚಾಗಿ ಪೆಟ್ಟಿಗಿಯಾಗ ಸಿಗೋದು ಅಪರೂಪ. ಅದು ಆಯಿ, ಅಜ್ಜಿಯರ ಬಾಯಾಗ ಐತಿ. ಅವರು ಹೋದ್ರ ಮಣಿ ಬರೇ ಶೋಕೇಸಿನ ಸಾಮಾನು.

ಅದಕ್ಕ ಈ ಭಾನುವಾರ ಒಂದು ಕೆಲಸ ಮಾಡ್ರಿ. ಪುರ್ತಗೇರಿ ಇರಲಿ, ಗಜೇಂದ್ರಗಡ ಇರಲಿ, ರೋಣ ಇರಲಿ, ಮನಿಯಾಗಿನ ಹಿರಿಯರ ಮುಂದ ಕುಂತು ಒಂದಾಟ ಆಡ್ರಿ. ಅವರು ನಿಯಮ ಹೇಳೋವಾಗ ಫೋನ್‌ನಾಗ ರೆಕಾರ್ಡ್ ಮಾಡ್ಕೊಳ್ರಿ. ನಿಮ್ಮ ಕಡೆ ಈ ಆಟಕ್ಕ ಏನಂತಾರ, ಎಷ್ಟು ಬೀಜ ಹಾಕ್ತಾರ? ಕಾಮೆಂಟ್‌ನಾಗ ಬರೀರಿ. ಎಲ್ಲಾ ಕೂಡಿಸಿ ಮುಂದಿನ ಪೋಸ್ಟ್ ಮಾಡೋಣ.

#ನಮ್ಮಆಟನಮ್ಮಇತಿಹಾಸ #ಪುರ್ತಗೇರಿ #ಅಳಗುಳಿಮಣೆ #ಗಂಜೀಫಾ