ಸಣ್ಣ ಗುಂಡು, ದೊಡ್ಡ ಮೃಗ

ಆನೆಯ ಬೇಟೆಗೆ ಭಾರಿ ಬಂದೂಕೇ ಬೇಕೆಂದು ನಾವು ಸಹಜವಾಗಿ ಭಾವಿಸುತ್ತೇವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ನಿಜವೂ ಆಗಿತ್ತು. 1870ರ ದಶಕದಲ್ಲಿ ನಮ್ಮ ಮೈಸೂರಿನಲ್ಲಿ ಖೆಡ್ಡಾ ನಡೆಸಿದ ಸ್ಯಾಂಡರ್ಸನ್ನರು ನಾಲ್ಕು ಬೋರಿನ ಬಂದೂಕನ್ನು ಬಳಸಿದರು. ಆ ಅಳತೆಯ ನಾಲ್ಕು ಸೀಸದ ಗುಂಡುಗಳು ಸೇರಿದರೆ ಒಂದು ಪೌಂಡು ತೂಕ. ಕರಿಮದ್ದಿನ ವೇಗವು ಅಲ್ಪವಾದುದರಿಂದ ಗುಂಡಿನ ತೂಕವನ್ನೇ ನೆಚ್ಚಬೇಕಾಗಿತ್ತು.

1880ರ ದಶಕದಲ್ಲಿ ಹೊಗೆಯಿಲ್ಲದ ಮದ್ದು ಬಂದು ಈ ಲೆಕ್ಕಾಚಾರವನ್ನು ಬದಲಿಸಿತು. ಸ್ಕಾಟ್ಲೆಂಡಿನ ಡಬ್ಲ್ಯು. ಡಿ. ಎಂ. ಬೆಲ್ (1880–1954) ಎಂಬ ಬೇಟೆಗಾರನು ಉಗಾಂಡದ ಕರಮೋಜ ಮೊದಲಾದ ಕಡೆಗಳಲ್ಲಿ ಸಾವಿರಕ್ಕೂ ಮಿಕ್ಕಿ ಆನೆಗಳನ್ನು ಹೊಡೆದನು. ಅವುಗಳಲ್ಲಿ ಹೆಚ್ಚಿನವು 7 ಮಿಲಿಮೀಟರಿನ ಮಾಸರ್ ರೈಫಲಿಗೆ ಬಲಿಯಾದವು. ಅದರ ಗುಂಡಿನ ತೂಕ ಸುಮಾರು 11 ಗ್ರಾಂ ಮಾತ್ರ. ಗಟ್ಟಿ ಲೋಹದ ಕವಚವಿದ್ದ ಆ ನೀಳವಾದ ಗುಂಡು ಚಪ್ಪಟೆಯಾಗದೆ ತಲೆಬುರುಡೆಯನ್ನು ಭೇದಿಸುತ್ತಿತ್ತು. ಬೆಲ್ಲನಾದರೋ ಬುರುಡೆಯನ್ನು ಗರಗಸದಿಂದ ಸೀಳಿ ನೋಡಿ, ಮಿದುಳಿನ ಸ್ಥಾನವನ್ನು ಅಭ್ಯಾಸ ಮಾಡಿದ್ದನು.

ಈ ವಿದ್ಯೆಯಿಲ್ಲದವರ ಕೈಯಲ್ಲಿ ಅದೇ ಗುಂಡು ಮೃಗವನ್ನು ಗಾಯಗೊಳಿಸಿ ನರಳಿಸುವುದು. ಬೇಟೆಗಾರನ ಪ್ರಾಣಕ್ಕೂ ಅಪಾಯವೇ. ಆದಕಾರಣ ಆಫ್ರಿಕದ ಹಲವು ದೇಶಗಳು ದೊಡ್ಡ ಮೃಗಗಳ ಬೇಟೆಗೆ ಕನಿಷ್ಠ ಕ್ಯಾಲಿಬರನ್ನು ಕಾನೂನಿನಿಂದ ಗೊತ್ತುಮಾಡಿದವು.

ಬೆಲ್ಲನ ಕೌಶಲವನ್ನು ನಾವು ಮೆಚ್ಚಬಹುದು. ಆದರೆ ದಂತಕ್ಕಾಗಿ ಉರುಳಿದ ಆ ಸಾವಿರ ಆನೆಗಳನ್ನು ಮರೆತು ಮೆಚ್ಚುವುದು ಚರಿತ್ರೆಯ ವಿದ್ಯಾರ್ಥಿಗಳಾದ ನಮಗೆ ಸಲ್ಲದು.